ಹಸಿರು ಬಣ್ಣದಡಿಯ ಕೊನೆಯ ಅಂಕಿ

ಜನ್ನಾಪುರದ ಆ ಮನೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ಒಂದು ಸಣ್ಣ ಸದ್ದು ಕೇಳುತ್ತದೆ. ಕರ್, ಕರ್. ಸ್ವಲ್ಪ ಬಿಟ್ಟು ಮತ್ತೆ ಕರ್. ಮೊದಮೊದಲು ಯಶೋಧರಾ ಇಲಿ ಅಂದುಕೊಂಡು ಬೋನು ಇಟ್ಟಿದ್ದರು. ಈಗ ಅವರಿಗೆ ಗೊತ್ತು, ಅದು ಗಂಡ ಮುರುಗೇಶಪ್ಪ ಅರ್ಧ ಬ್ಲೇಡು ಹಿಡಿದು ತಗಡಿನ ಟ್ರಂಕಿನ ಮುಚ್ಚಳದ ಬಣ್ಣ ಕೆರೆಯುವ ಸದ್ದು. ದಿನಕ್ಕೆ ಹತ್ತೇ ನಿಮಿಷ. ಕೈ ನಡುಗುತ್ತಿದೆ ಅನ್ನಿಸಿದ ದಿನ ಅದೂ ಇಲ್ಲ.

ಬೆಳಗಿನ ಮುರುಗೇಶಪ್ಪ ಬೇರೆಯೇ ಮನುಷ್ಯ. ಅರವತ್ತೇಳರ ವಯಸ್ಸಿನಲ್ಲಿ ಐದೂವರೆಗೆಲ್ಲ ಸೈಕಲ್ ಹತ್ತಿ ನ್ಯೂ ಟೌನಿನ ಮೈದಾನಕ್ಕೆ ಹೋಗುತ್ತಾರೆ. ತಮ್ಮಂಥ ನಿವೃತ್ತರ ಜೊತೆ ಬಾಲ್ ಬ್ಯಾಡ್ಮಿಂಟನ್ ಆಡುತ್ತಾರೆ, ಒಂದು ಪಾಯಿಂಟಿಗೆ ಮಕ್ಕಳಂತೆ ಜಗಳ ತೆಗೆಯುತ್ತಾರೆ. ಏಳಕ್ಕೆ ಮನೆ, ಸ್ನಾನ, ಹಣೆಗೆ ವಿಭೂತಿ. ಆಮೇಲೆ ಜಗಲಿಯ ಮೇಲೆ ಹಲಸಿನ ಮರದ ತುಂಡೊಂದನ್ನು ಮುಂದಿಟ್ಟುಕೊಂಡು ಕೂರುತ್ತಾರೆ. ತುಂಡಿನಲ್ಲೊಂದು ಸೀಳು, ಸೀಳಿನಲ್ಲಿ ಅಂಚು ಮೇಲೆ ಮಾಡಿ ನಿಲ್ಲಿಸಿದ ಒಂದು ಪದಕ.

ಸೇನೆ ಕೊಡುವ ಪದಕದ ಅಂಚಿನಲ್ಲಿ ಸೈನಿಕನ ನಂಬರು, ಹುದ್ದೆ, ಹೆಸರು ಸಣ್ಣ ಅಕ್ಷರಗಳಲ್ಲಿ ಇರುತ್ತವೆ. ನಮ್ಮ ಮನೆಗಳಲ್ಲಿ ಪದಕ ದೇವರ ಗೂಡು ಸೇರುತ್ತದೆ. ಆಯುಧಪೂಜೆಯ ಹಿಂದಿನ ದಿನ ದೀಪ, ತಟ್ಟೆ, ಗಂಟೆಗಳ ಸಾಲಿನಲ್ಲಿ ಅದಕ್ಕೂ ಹುಣಸೆಹಣ್ಣು, ಇಟ್ಟಿಗೆ ಪುಡಿ. ಹತ್ತಿಪ್ಪತ್ತು ಹಬ್ಬ ಕಳೆಯುವಷ್ಟರಲ್ಲಿ ಪದಕ ಕನ್ನಡಿಯಂತೆ ಹೊಳೆಯುತ್ತದೆ, ಹೆಸರು ಮಾತ್ರ ಉಳಿದಿರುವುದಿಲ್ಲ. ಹಾಗೆ ಸವೆದ ಹೆಸರನ್ನು ಮುರುಗೇಶಪ್ಪ ಮತ್ತೆ ಹೊಡೆದು ಕೊಡುತ್ತಾರೆ. ಒಂಬತ್ತು ವರ್ಷಗಳಲ್ಲಿ ಇನ್ನೂರ ಹನ್ನೆರಡು ಪದಕಗಳು ಈ ಜಗಲಿ ಹತ್ತಿ ಇಳಿದಿವೆ. ಹೊಸ ರಿಬ್ಬನ್ ಹೊಲಿಯುವ ಕೆಲಸ ಯಶೋಧರಾ ಅವರದು.

ಈ ಕೈ ಪಳಗಿದ್ದು ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ. ಕರಗಿಸಿದ ಪ್ರತಿ ಸರದಿಯ ಉಕ್ಕಿಗೂ ಒಂದು ನಂಬರು. ತಣಿದ ಗಟ್ಟಿಗಳ ಮೇಲೆ ತುದಿಯಲ್ಲಿ ಅಂಕಿಯ ಅಚ್ಚಿರುವ ಪಂಚ್ ಇಟ್ಟು ಸುತ್ತಿಗೆಯಿಂದ ಆ ನಂಬರು ಹೊಡೆಯುವುದನ್ನು ಮೂವತ್ತೆರಡು ವರ್ಷ ಮಾಡಿದರು. “ಒಂದು ಅಂಕಿ ತಪ್ಪಿದ್ರೆ ಇಡೀ ಲೋಡು ವಾಪಸ್ಸು. ಅಂದಾಜಿಗೆ ಹೊಡೆಯೋ ಕೆಲಸ ಅಲ್ಲ ಅದು” ಎನ್ನುತ್ತಾರೆ. ಇಲ್ಲಿಯೂ ಅದೇ ಕಾನೂನು. ಸೇನೆಯಿಂದ ಬಿಡುಗಡೆಯಾಗುವಾಗ ಕೊಟ್ಟ ಪುಸ್ತಕ ಕಣ್ಣಾರೆ ನೋಡದೆ ಸುತ್ತಿಗೆ ಎತ್ತುವುದಿಲ್ಲ.

ಶನಿವಾರ ಬೆಳಿಗ್ಗೆ ಹೊಳಲೂರಿನ ಕಾಶಮ್ಮ ಮೊಮ್ಮಗಳು ಅಕ್ಷರಾಳ ಸ್ಕೂಟರಿನಲ್ಲಿ ಬಂದಿಳಿಯುತ್ತಾರೆ. ತೀರಿಹೋದ ಗಂಡ ಹಿರಿಯಣ್ಣ ಹವಾಲ್ದಾರರಾಗಿದ್ದವರು. ಮರುದಿನ ಶಿವಮೊಗ್ಗದಲ್ಲಿ ಮಾಜಿ ಸೈನಿಕರ ಕುಟುಂಬಗಳ ಸಭೆ. ಪದಕದ ಜೊತೆ ಕಾಶಮ್ಮ ಸೆರಗಿನಿಂದ ಬಿಚ್ಚಿ ಕೊಟ್ಟದ್ದು ಪೆನ್ಷನ್ನಿನ ಪಾಸ್‌ಬುಕ್.

“ಇದಲ್ಲಮ್ಮ ಪುಸ್ತಕ. ಇದ್ರಲ್ಲಿ ಅವರ ಸೇನೆ ನಂಬರ್ ಇಲ್ಲ.”

“ಹೆಸರಿದೆಯಲ್ಲಪ್ಪ. ನಲವತ್ತು ವರ್ಷ ಸಂಸಾರ ಮಾಡಿದೀನಿ, ಅವರು ಯಾರು ಅಂತ ನನ್ನ ಕೇಳು.”

“ನಿಮ್ಮ ಮಾತು ನಂಬ್ತೀನಿ. ಪಂಚ್ ನಂಬಲ್ಲ.”

“ನಿನ್ ಗಂಡ ಪೊಲೀಸ್ ಸ್ಟೇಷನ್ನಲ್ಲಿ ಇರ್ಬೇಕಾಗಿತ್ತು ಕಣೇ ಮಾರಾಯ್ತಿ” ಎಂದು ಕಾಶಮ್ಮ ಯಶೋಧರಾ ಕಡೆ ತಿರುಗುತ್ತಾರೆ.

“ನನಗೂ ಹಂಗೇ ಅನ್ಸುತ್ತೆ” ಎಂದು ಯಶೋಧರಾ ಕಾಫಿ ಲೋಟ ಮುಂದಿಡುತ್ತಾರೆ.

ಅಕ್ಷರಾ ಚಿಕ್ಕಪ್ಪನಿಗೆ ಫೋನ್ ಮಾಡುತ್ತಾಳೆ. ಬೀರು ತೆಗೆದು ಪುಸ್ತಕ ಹುಡುಕಿ ಫೋಟೋ ಕಳಿಸಲು ಅವರಿಗೆ ಮುಕ್ಕಾಲು ಗಂಟೆ. ಕಾದು ಬೇಸತ್ತ ಕಾಶಮ್ಮ ಒಳಗೆ ಇಣುಕಿದಾಗ ಕಂಡದ್ದು ಗೋಡೆಗೆ ಒರಗಿಸಿದ ಹಸಿರು ಟ್ರಂಕು. ಅದರ ಮುಚ್ಚಳದ ನಡುವೆ ಮಾತ್ರ ಕಪ್ಪು ಪಟ್ಟಿ, ಪಟ್ಟಿಯಲ್ಲಿ ಬಿಳಿ ಅಂಕಿಗಳು. ಅವರಿಗೆ ಕೂಡಲೇ ಗುರುತು ಹತ್ತುತ್ತದೆ. ರಜೆಗೆ ಬರುವ ಸೈನಿಕನ ಕಪ್ಪು ಟ್ರಂಕಿನ ಮೇಲೆ ನಂಬರು, ಹೆಸರು ಬರೆದಿರುತ್ತಿದ್ದುದು ಹಾಗೆಯೇ.

“ಯಾರದಪ್ಪ ಇದು?”

“ನಮ್ಮಪ್ಪಂದು.”

ಮುರುಗೇಶಪ್ಪನವರ ತಂದೆ ಶೇಷಪ್ಪ ಸೇನೆಯಲ್ಲಿ ಲಾರಿ ಓಡಿಸುತ್ತಿದ್ದರು. ಅವರ ಪದಕವನ್ನು ಪ್ರತಿ ಆಯುಧಪೂಜೆಗೆ ಉಜ್ಜುವ ಕೆಲಸ ಎಂಟನೇ ವಯಸ್ಸಿನಿಂದ ಮಗನದಾಗಿತ್ತು. ಅಪ್ಪ ಗಡಿಯಲ್ಲಿ, ಪದಕ ಮನೆಯಲ್ಲಿ. ಅಪ್ಪ ಬೇಕು ಅನ್ನಿಸಿದಷ್ಟೂ ಹುಡುಗ ಅದನ್ನು ಉಜ್ಜುತ್ತಿದ್ದ. ಸೇವೆ ಮುಗಿಸಿ ಬಂದ ವರ್ಷದ ಹಬ್ಬದಲ್ಲಿ ಶೇಷಪ್ಪ ಪದಕ ಕೈಗೆತ್ತಿಕೊಂಡು ಅದರ ಅಂಚಿನ ಸುತ್ತ ಹೆಬ್ಬೆರಳು ಆಡಿಸಿದರು. ಒಂದು ಸುತ್ತು. ಇನ್ನೊಂದು ಸುತ್ತು. ಆಮೇಲೆ ಹೇಳಿದ್ದಿಷ್ಟೇ: “ಇಷ್ಟು ಹೊಳಪು ನಮ್ಮ ಕರ್ನಲ್ ಸಾಹೇಬ್ರ ಪದಕಕ್ಕೂ ಇರ್ಲಿಲ್ಲ ಕಣೋ.”

ಅಂಚಿನಲ್ಲಿ ಹೆಸರಿರುತ್ತದೆ ಎಂದು ಮಗನಿಗೆ ಗೊತ್ತಾದದ್ದು ಅಪ್ಪ ತೀರಿಹೋದ ಎಷ್ಟೋ ವರ್ಷಗಳ ಮೇಲೆ, ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಬೇರೊಂದು ಪದಕ ಹಿಡಿದು ನೋಡಿದಾಗ. ಅಷ್ಟರಲ್ಲಿ ಅಪ್ಪನ ಕಾಗದಪತ್ರಗಳನ್ನು ಗೆದ್ದಲು ತಿಂದಿತ್ತು. ಸೇನೆಯ ದಾಖಲೆ ಕಚೇರಿಗೆ ಬರೆದರೆ, ಅದೇ ಹೆಸರಿನವರು ಅನೇಕರಿದ್ದಾರೆ, ನಂಬರು ತಿಳಿಸಿ ಎಂಬ ಉತ್ತರ ಬಂತು. ಉಳಿದದ್ದು ಟ್ರಂಕು. ಅಕ್ಕ ನಂಜಮ್ಮನ ಮದುವೆಗೆ ಅದು ಹೊಸದರಂತೆ ಕಾಣಲಿ ಎಂದು ಹಸಿರು ಬಣ್ಣ ಬಳಿದವರೂ ಇವರೇ. “ಅಪ್ಪ ಬಣ್ಣದ ಡಬ್ಬಿ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ರು. ಬೇಡ ಅಂತ ಒಂದು ಮಾತು ಅನ್ಲಿಲ್ಲ” ಎನ್ನುವಾಗ ಮುರುಗೇಶಪ್ಪ ಸುತ್ತಿಗೆಯ ಹಿಡಿಯನ್ನೇ ನೋಡುತ್ತಾರೆ.

ಹೋದ ವರ್ಷ ನಂಜಮ್ಮ ಅಟ್ಟ ಖಾಲಿ ಮಾಡಿಸುವಾಗ ಟ್ರಂಕು ತಮ್ಮನ ಮನೆಗೆ ಮರಳಿತು. ಥಿನ್ನರ್ ಹಚ್ಚಿದರೆ ಹಸಿರಿನ ಜೊತೆ ಅಡಿಯ ಬಿಳಿಯೂ ಹೋಗುತ್ತದೆ. ಹಾಗಾಗಿ ಬ್ಲೇಡು, ದಿನಕ್ಕೆ ಹತ್ತು ನಿಮಿಷ. ಹನ್ನೊಂದು ತಿಂಗಳಲ್ಲಿ ಏಳರಲ್ಲಿ ಆರು ಅಂಕಿ ಬಂದಿವೆ. ಏಳನೆಯದರ ಬಲಬದಿ ಮಾತ್ರ ಕಾಣುತ್ತಿದೆ. ಅದು ಮೂರಿರಬಹುದು, ಎಂಟಿರಬಹುದು. ಎಡಬದಿಯ ಹಸಿರು ತಗಡಿಗೇ ಕಚ್ಚಿಕೊಂಡಿದೆ. ಅವಸರ ಮಾಡಿದರೆ ಇದ್ದದ್ದೂ ಹೋದೀತು. ಅದಕ್ಕೇ ಇನ್ನೂರ ಹನ್ನೆರಡು ಮನೆಗಳ ಹೆಸರು ಹೊಡೆದ ಕೈ ತನ್ನ ಅಪ್ಪನ ಪದಕವನ್ನು ಬೋಳಾಗಿಯೇ ಇಟ್ಟುಕೊಂಡಿದೆ.

“ಮೂರು ಅಂತ ಹಾಕ್ಬಿಡು ಮಾರಾಯ” ಎನ್ನುತ್ತಾರೆ ಕಾಶಮ್ಮ. “ನಿಮ್ಮಪ್ಪ ಬಂದು ಕೇಳ್ತಾರಾ?”

“ಕೇಳಲ್ಲಮ್ಮ. ಅವತ್ತೂ ಕೇಳ್ಲಿಲ್ಲ.”

ಅಷ್ಟರಲ್ಲಿ ಅಕ್ಷರಾಳ ಫೋನಿಗೆ ಫೋಟೋ ಬರುತ್ತದೆ. ಮುರುಗೇಶಪ್ಪ ನಂಬರನ್ನು ಹಾಳೆಯಲ್ಲಿ ಬರೆದು, ಆ ಹುಡುಗಿಯಿಂದ ಎರಡು ಸಲ ಓದಿಸಿ, ಪಂಚ್ ಇಡುತ್ತಾರೆ. ಟಿಕ್. ಉಸಿರು ಹಿಡಿದು ಮತ್ತೊಂದು. ಹಿರಿಯಣ್ಣನವರ ಹೆಸರು ಮುಗಿಯುವ ಹೊತ್ತಿಗೆ ಹತ್ತೂವರೆ. ಕಾಶಮ್ಮ ಕನ್ನಡಕ ಕೇಳುವುದಿಲ್ಲ. ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತ, “ಚುಚ್ಚುತ್ತೆ ಕಣಪ್ಪ” ಎನ್ನುತ್ತಾರೆ. ಸಂತೋಷದಿಂದ ಹೇಳಿದ ಮಾತದು.

ಸ್ಕೂಟರು ತಿರುವಿನಲ್ಲಿ ಮರೆಯಾದ ಮೇಲೆ ಯಶೋಧರಾ ಗಂಡನನ್ನು ಕೇಳುತ್ತಾರೆ: “ಆ ಕೊನೇದು ಕಾಣಿಸಿದ ರಾತ್ರಿ ನನ್ನ ಎಬ್ಬಿಸ್ತೀರಾ?”

“ಇಲ್ಲ.”

“ಅಕ್ಕಂಗಾದ್ರೂ ಹೇಳ್ತೀರಾ?”

ಮುರುಗೇಶಪ್ಪ ಪಂಚುಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಸೇರಿಸುತ್ತಾರೆ. ಅವರು ಆಗಲೇ ತೀರ್ಮಾನಿಸಿದ್ದಾರೆ. ಮೂರೋ ಎಂಟೋ ಕಣ್ಣಿಗೆ ಬಿದ್ದ ದಿನ ಹೆಸರು ಹೊಡೆದು, ಪದಕವನ್ನು ಗೂಡಿನಲ್ಲಿ ಅದರ ಜಾಗಕ್ಕೆ ಇಟ್ಟು ಸುಮ್ಮನಾಗುತ್ತಾರೆ.

“ಯಾರಿಗೂ ಹೇಳಲ್ಲ” ಎನ್ನುತ್ತಾರೆ. “ಹೋಗಿದ್ದನ್ನ ಅಪ್ಪ ಯಾರಿಗೂ ಹೇಳ್ಲಿಲ್ಲ. ಬಂದಿದ್ದನ್ನ ನಾನ್ಯಾಕೆ ಹೇಳ್ಲಿ.”