ಬೇವಿನ ಟೊಂಗೆಗೆ ತೂಗಿದ ನಾಲ್ಕು ಗಾಲಿಗಳು

ಈಗಲೂ ಮಧ್ಯಾಹ್ನ ಊಟ ಮಾಡಿ ಅಡ್ಡಾದರೆ ಸಾಕು, ಆ ನಾಲ್ಕು ಗಾಲಿಗಳು ಕಣ್ಣ ಮುಂದೆ ಬರುತ್ತವೆ. ಅಂಗಡಿ ಮುಂದಿನ ಬೇವಿನ ಟೊಂಗೆಗೆ ಹಗ್ಗ ಕಟ್ಟಿ ತೂಗಬಿಟ್ಟಿದ್ದೇನೆ. ಗಾಳಿ ಬಂದರೆ ಮೆಲ್ಲಗೆ ತಿರುಗುತ್ತವೆ, ನಿಲ್ಲುತ್ತವೆ, ಮತ್ತೆ ಹಿಂದಕ್ಕೆ ತಿರುಗುತ್ತವೆ. ಒಂದರಲ್ಲಿ ಕೊಪ್ಪಳದ ಗುಡ್ಡ ಕಾಣುತ್ತದೆ, ಇನ್ನೊಂದರಲ್ಲಿ ಆಕಾಶ, ಮತ್ತೊಂದರಲ್ಲಿ ಹಸಿರು ಸೀರೆಯ ಸೆರಗು. ನಾಲ್ಕನೆಯದರಲ್ಲಿ ಏನಿತ್ತೆಂದು ಎಷ್ಟು ಕೆದಕಿದರೂ ನೆನಪಾಗುವುದಿಲ್ಲ. ಅಷ್ಟರಲ್ಲಿ ನಿದ್ದೆ ಹತ್ತಿರುತ್ತದೆ.

ನಾನು ಗಾಡಿಗಳಿಗೆ ಬಣ್ಣ ಹೊಡೆಯುವವನು. ಕೊಪ್ಪಳದಿಂದ ಗಂಗಾವತಿಗೆ ಹೋಗುವ ರಸ್ತೆಯ ಬದಿಗೆ ತಗಡಿನ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಕೊಪ್ಪಳ ಜಿಲ್ಲೆಯಾಗಿ ಹತ್ತು ವರ್ಷ ದಾಟಿತ್ತು. ಅಲ್ಲಿಯವರೆಗೆ ನನ್ನ ಕೈಗೆ ಬಂದದ್ದೆಲ್ಲ ಟ್ರ್ಯಾಕ್ಟರು, ಟೆಂಪೋ, ಒಮ್ಮೊಮ್ಮೆ ಯಲಬುರ್ಗಾದ ಕಡೆಯ ಜೀಪು. ಆ ವರ್ಷ ಗಂಗಾವತಿಯ ಅಕ್ಕಿ ಗಿರಣಿ ಸಾವ್ಕಾರರೊಬ್ಬರು ಹೈದರಾಬಾದಿನಿಂದ ಹಳೆಯದೊಂದು ಕೆಂಪು ಸ್ಪೋರ್ಟ್ಸ್ ಕಾರು ತಂದರು. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ನಮ್ಮ ರಸ್ತೆಗಳಲ್ಲಿ ಅದು ಎತ್ತಿನ ಗಾಡಿಯನ್ನು ಹಿಂದೆ ಹಾಕಿದ್ದನ್ನು ಯಾರೂ ನೋಡಿರಲಿಲ್ಲ. ಆದರೂ ಅದು ಬಂತೆಂದರೆ ಚಹಾದಂಗಡಿಯವರೆಲ್ಲ ಎದ್ದು ನಿಲ್ಲುತ್ತಿದ್ದರು.

ಅದರ ಗಾಲಿಗಳು ಅಲಾಯ್, ಅಲ್ಯೂಮಿನಿಯಂ ಬೆರಕೆಯವು. ಬೆಳ್ಳಿ ಬಣ್ಣದ ಮೇಲೆ ನೀರಿನಷ್ಟು ತಿಳಿಯಾದ ಒಂದು ಪದರ ಇರುತ್ತದೆ. ಪುಸ್ತಕದವರು ಅದನ್ನು ಲ್ಯಾಕರ್ ಅನ್ನುತ್ತಾರೆ, ನಾವು ಅಂಗಡಿಯವರು ಕ್ಲಿಯರ್ ಅನ್ನುತ್ತೇವೆ. ಹಾಲಿನ ಮೇಲಿನ ಕೆನೆಯಷ್ಟು ತೆಳು. ಕಲ್ಲು ಸಿಡಿದು ಸೂಜಿಮೊನೆಯಷ್ಟು ತೂತಾದರೂ ನೀರು ಅದರ ಕೆಳಗೆ ಸೇರಿಕೊಳ್ಳುತ್ತದೆ. ಆಮೇಲೆ ಒಳಗೊಳಗೇ ಬಿಳಿ ಗೆರೆಗಳು ಹರಿದಾಡಿ, ಒಂದು ದಿನ ಪದರವೇ ಎದ್ದು ಉದುರತೊಡಗುತ್ತದೆ. ಸಾವ್ಕಾರರ ಕಾರಿನ ಒಂದು ಗಾಲಿ ಹಾಗಾಗಿತ್ತು. ಬನ್ನಿ ಹಬ್ಬದ ದಿನ ಕಾರು ಬೇಕು ಎಂದು ಹೇಳಿ ಬಿಟ್ಟು ಹೋದರು.

ಅದೊಂದನ್ನು ಮುಗಿಸಿ ಒಳಗಿಟ್ಟೆ. ಉಳಿದ ಮೂರು ಚೆನ್ನಾಗಿಯೇ ಇದ್ದವು. ಸೋಪಿನ ನೀರಲ್ಲಿ ತೊಳೆಯೋಣ ಎಂದು ಬಿಚ್ಚಿ ಗೋಡೆಗೆ ಆನಿಸಿಟ್ಟು, ಕುಂಬಳಕಾಯಿ, ನಿಂಬೆಹಣ್ಣು ತರಲು ಪೇಟೆಗೆ ಹೋದೆ. ಮರುದಿನ ಆಯುಧ ಪೂಜೆ.

ನನಗೆ ಮದುವೆಯಾಗಿ ಐದು ತಿಂಗಳಾಗಿತ್ತು. ಹೆಂಡತಿ ಅಳವಂಡಿಯವಳು, ಒಕ್ಕಲುತನದ ಮನೆಯ ಹುಡುಗಿ. ಗಂಡನ ಮನೆಯಲ್ಲಿ ಅದು ಅವಳ ಮೊದಲ ಮಾನವಮಿ. ತವರಿನಲ್ಲಿ ಹಬ್ಬದ ಮುಂಚಿನ ದಿನ ಹಿತ್ತಾಳೆ ಕೊಡ, ತಾಮ್ರದ ಹಂಡೆಗಳನ್ನೆಲ್ಲ ಹುಣಸೆಹಣ್ಣು, ಬೂದಿ ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿ ಕನ್ನಡಿ ಮಾಡುತ್ತಿದ್ದರಂತೆ. ನಮ್ಮ ಮನೆಯಲ್ಲಿ ಇದ್ದದ್ದೇ ಎರಡು ತಂಬಿಗೆ. ಅವನ್ನು ತಿಕ್ಕಿ ಮುಗಿಸಿದವಳ ಕಣ್ಣಿಗೆ ಆ ಮೂರು ಗಾಲಿ ಬಿದ್ದವು.

ನಾನು ಬಂದಾಗ ಅವಳು ಸೆರಗು ಸಿಕ್ಕಿಸಿಕೊಂಡು, ಒದ್ದೆ ಕೈ ಹಿಂದಿಟ್ಟುಕೊಂಡು ನಿಂತಿದ್ದಳು. ಗಾಲಿಗಳು ನೀರಲ್ಲಿ ಫಳಫಳ ಹೊಳೆಯುತ್ತಿದ್ದವು. ನೋಡನೋಡುತ್ತಿದ್ದಂತೆ ಬಿಸಿಲಿಗೆ ನೀರು ಆರಿತು. ಆರಿದಲ್ಲೆಲ್ಲ ಸುತ್ತುಸುತ್ತಾದ ಗೀರು, ಮಬ್ಬು. ಅಂಚಿನಲ್ಲಿ ಕ್ಲಿಯರ್ ಕಿತ್ತು ಚಕ್ಕೆಯೆದ್ದಿತ್ತು.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಎದುರಿಗಿನ ಚಹಾದಂಗಡಿಯವರೆಲ್ಲ ತಿರುಗಿ ನೋಡುವಂತೆ ಚೀರಿದೆ.

"ಇವೇನ ನಿಮ್ಮ ಅಳವಂಡಿ ಮನಿ ಕೊಡಾ ಅಂತ ತಿಳದೀಯೇನ? ತಿಕ್ಕೂದ ಬಿಟ್ಟರ ಬ್ಯಾರೆ ಏನಾರ ಕಲಿಸ್ಯಾರಿಲ್ಲೋ ನಿನಗ?"

"ಹಬ್ಬಕ್ಕ ಹೊಳೀಲಿ ಅಂತ ತಿಕ್ಕೀನ್ರಿ," ಅಂದಳು. ಅಷ್ಟೇ. ತಂಬಿಗೆ ಎತ್ತಿಕೊಂಡು ಒಳಗೆ ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನಗೆ ಅದು ಅರ್ಥವಾಗಲು ಅರ್ಧ ತಾಸೂ ಹಿಡಿಯಲಿಲ್ಲ. ಆದರೆ ಚೀರಿದ ಬಾಯಿಂದಲೇ ತಪ್ಪಾಯಿತು ಅನ್ನಲು ನನ್ನಂಥ ಕೋಣನಿಗೆ ಎಲ್ಲಿ ಬರಬೇಕು?

ಆಮೇಲೆ ಅವಳು ನನ್ನ ಜೊತೆ ಮಾತು ಬಿಟ್ಟಳು. ಬಿಸಿ ರೊಟ್ಟಿ ಹಾಕುತ್ತಿದ್ದಳು, ಪಲ್ಯ ಬಡಿಸುತ್ತಿದ್ದಳು, ಏನಿದ್ದರೂ ಬೆಕ್ಕಿಗೆ ಹೇಳುತ್ತಿದ್ದಳು. "ಊಟಕ್ಕ ಬರ್ರಿ ಅಂತ ಹೇಳವಾ ಅವರಿಗೆ." ಬೆಕ್ಕು ನನ್ನನ್ನು ನೋಡುತ್ತಿತ್ತು. ನಗು ಬರಬೇಕಾದ ಮಾತಿಗೆ ನನ್ನ ಎದೆ ಭಾರವಾಗುತ್ತಿತ್ತು. ಯಾಕೆಂದರೆ ಬನ್ನಿಯ ಮರುದಿನ ಅವಳ ಅಣ್ಣ ಕರೆಯಲು ಬರುವವನಿದ್ದ. ಮೊದಲ ದೀಪಾವಳಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ವಾಡಿಕೆ. ನಮ್ಮ ಕಡೆ ಎಂಥ ಜಗಳವಿದ್ದರೂ ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೋಣು ಎಂದು ಮುಗಿಸಿಬಿಡುತ್ತಾರೆ. ಅವಳು ಬನ್ನಿ ಕೊಡದೆಯೇ ಬಸ್ಸು ಹತ್ತಿದರೆ ತಿರುಗಿ ಬರುತ್ತಾಳೋ ಇಲ್ಲವೋ ಎಂದು ನನಗೆ ಭಯ ಹಿಡಿಯಿತು.

ಗಾಲಿಯನ್ನಾದರೂ ಸರಿ ಮಾಡಿಬಿಡೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಪೂಜೆಗಿಟ್ಟ ಸಾಮಾನನ್ನು ಬನ್ನಿ ಮುಗಿಯುವವರೆಗೆ ಮುಟ್ಟಬಾರದು. ಸ್ಪ್ರೇ ಗನ್ನು, ಬ್ರಷ್ಷು, ಕಂಪ್ರೆಸರು ಎಲ್ಲ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವು ಮುಡಿದು ದೇವರಂತೆ ಕೂತಿದ್ದವು. ಅವುಗಳ ಮುಂದೆ ನಾನು ಎರಡು ದಿನ ಕೈ ಕಟ್ಟಿಕೊಂಡು ಕೂತೆ. ಊದಿನಕಡ್ಡಿಯ ಹೊಗೆಯಲ್ಲಿ ಕಣ್ಣು ಮುಚ್ಚಿದರೆ ನೂರಾರು ಬೆಳ್ಳಿ ಗಾಲಿಗಳು ನಮ್ಮ ಅಂಗಡಿಯಿಂದ ಉರುಳಿ ಅಳವಂಡಿಯ ಕಡೆ ಹೋಗುತ್ತಿದ್ದಂತೆ ಕಾಣುತ್ತಿತ್ತು.

ಬನ್ನಿಯ ದಿನ ಹೊತ್ತು ಇಳಿಯುವಾಗ ಸಾವ್ಕಾರರು ಜೀಪಿನಲ್ಲಿ ಬಂದರು. ಕಲ್ಲಿನ ಮೇಲೆ ನಿಂತ ಕಾರನ್ನು ನೋಡಿದರು, ಗೋಡೆಗೆ ಆನಿಸಿದ ಗಾಲಿಗಳನ್ನು ನೋಡಿದರು.

"ಯಾರ ಮಾಡ್ಯಾರಿದನ್ನ?"

ನಿಜ ಹೇಳುತ್ತೇನೆ, ಅವಳ ಹೆಸರು ನನ್ನ ಬಾಯಿಯವರೆಗೆ ಬಂದಿತ್ತು. ಆಗ ಬಾಗಿಲಲ್ಲಿ ಬನ್ನಿ ಎಲೆಯ ತಟ್ಟೆ ಹಿಡಿದು ನಿಂತಿದ್ದವಳ ಬೆರಳು ಕಂಡವು. ಉಗುರಿನ ಸಂದಿಯಲ್ಲಿ ಬೂದಿಯ ಕಪ್ಪು ಇನ್ನೂ ಹೋಗಿರಲಿಲ್ಲ.

"ನಾನರಿ ಸಾವ್ಕಾರ್ರ. ಹಬ್ಬದ ಗಡಿಬಿಡಿಯೊಳಗ ಹುಣಸಿಹಣ್ಣ ಹಚ್ಚಿ ತಿಕ್ಕಿಬಿಟ್ಟೆ."

ಚಹಾದಂಗಡಿಯವನು ಕೆಮ್ಮಿ ಮುಖ ತಿರುಗಿಸಿದ. ಸಾವ್ಕಾರರು ಬಗ್ಗಿ, ಬೋಲ್ಟಿನ ತೂತಿನಿಂದ ಹುಣಸೆ ನಾರೊಂದನ್ನು ಎಳೆದು ತೆಗೆದು ಬೆಳಕಿಗೆ ಹಿಡಿದರು.

"ಎಷ್ಟ ವರ್ಷ ಆತೋ ತಮ್ಮಾ, ನೀ ಬಣ್ಣಾ ಹೊಡ್ಯಾಕ ಹತ್ತಿ?"

"ಹತ್ತ ವರ್ಷ ಆತ್ರಿ."

ಗಂಗಾವತಿಯಲ್ಲಿ ನನ್ನ ಹೆಸರು ಮುಳುಗಿತು ಅಂದುಕೊಂಡೆ. ಅವರು ಜೇಬಿನಿಂದ ಬನ್ನಿ ಎಲೆ ತೆಗೆದು ನನ್ನ ಕೈಯಲ್ಲಿಟ್ಟರು. "ಬಂಗಾರದಂಗ ಇರೋಣು. ನಾಕೂ ಒಂದ ಥರಾ ಮಾಡಿ ಹೇಳಿ ಕಳಸು," ಎಂದು ಹೊರಟುಹೋದರು.

ಅವರ ಜೀಪಿನ ಧೂಳು ಇಳಿಯುವ ಮುಂಚೆ ಅವಳು ಬಂದು ನನ್ನ ಕೈಯಲ್ಲಿ ಬನ್ನಿ ಇಟ್ಟು ಕಾಲು ಮುಟ್ಟಿದಳು. ನನ್ನ ಕಣ್ಣಲ್ಲಿ ನೀರು ಬಂತು.

"ಸಿಟ್ಟ ಹೋತೇನ?" ಎಂದೆ.

"ಸಿಟ್ಟ ಐತ್ರಿ. ಬನ್ನಿ ಬ್ಯಾರೆ, ಸಿಟ್ಟ ಬ್ಯಾರೆ. ಅಣ್ಣಗ ಒಂದ ವಾರ ಬಿಟ್ಟ ಬಾ ಅಂತೀನಿ. ನಾ ಕೆಡಿಸಿದ್ದನ್ನ ನಾನ ಸರಿ ಮಾಡಬೇಕ. ಕಲಿಸ್ರಿ ನನಗ."

ಆ ವಾರ ನಿಜವಾಗಿ ನಡೆದದ್ದೋ, ಎಷ್ಟೋ ಮಧ್ಯಾಹ್ನಗಳ ಕನಸು ಸೇರಿ ಆದದ್ದೋ ಹೇಳಲಾರೆ. ಹಳೆಯ ಕ್ಲಿಯರಿಗೆ ರಿಮೂವರ್ ಹಚ್ಚಿದರೆ ಅದು ಸುಕ್ಕುಗಟ್ಟಿ ಮೇಲೇಳುತ್ತಿತ್ತು. ಅವಳು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಮೂಗು ಮುರಿಯುತ್ತ ಅದನ್ನು ಕೆರೆದು ತೆಗೆದಳು. ಆಮೇಲೆ ಬಕೆಟ್ಟಿನ ನೀರಲ್ಲಿ ವಾಟರ್ ಪೇಪರ್ ಎಂಬ ಉಜ್ಜುಕಾಗದ ಅದ್ದಿ ಉಜ್ಜುವ ಕೆಲಸ, ಮೊದಲು ಒರಟು ಕಾಗದ, ಆಮೇಲೆ ನಯವಾದದ್ದು. "ಜೋರ ಮಾಡಬ್ಯಾಡ, ಕಾಗದ ತನ್ನ ಕೆಲಸಾ ತಾ ಮಾಡತೈತಿ," ಅಂದೆ. "ಈ ಮಾತ ಮೊನ್ನೆ ನಿಮ್ಮ ಬಾಯಿಗೆ ಹೇಳಿದ್ರ ಛಲೋ ಇತ್ತು," ಅಂದಳು. ಹಳೆಯ ಪದರದ ಅಂಚು ಎಲ್ಲಿದೆಯೆಂದು ಬೆರಳಿಗೆ ಗೊತ್ತಾಗಬಾರದು, ಅಲ್ಲಿಯವರೆಗೆ ಉಜ್ಜಬೇಕು. ಅವಳು ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದಳು. ನಾನು ಸಾಕು ಅಂದಲ್ಲಿ ಅವಳು ಸಾಕು ಅನ್ನುತ್ತಿರಲಿಲ್ಲ.

ಗಾಳಿ ಏಳುವ ಮುಂಚೆ, ಮುಂಜಾನೆ ಎದ್ದು ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸುತ್ತಿದ್ದೆವು. ಥಿನ್ನರ್ ಬಟ್ಟೆಯಲ್ಲಿ ಒರೆಸಿ ಪ್ರೈಮರ್, ಅದರ ಮೇಲೆ ಬೆಳ್ಳಿ ಬಣ್ಣ, ಕೊನೆಗೆ ಕ್ಲಿಯರ್. ಒಮ್ಮೆಲೇ ದಪ್ಪಗೆ ಹೊಡೆದರೆ ಇಳಿದುಬಿಡುತ್ತದೆ. ತೆಳ್ಳಗೆ ಹೊಡೆದು, ಕಾದು, ಮತ್ತೆ ಹೊಡೆಯಬೇಕು. ಹೊಸ ಮೂರರ ಪಕ್ಕ ಮಂಕಾಗಿ ಕಂಡಿತೆಂದು ಒಳಗಿಟ್ಟಿದ್ದ ನಾಲ್ಕನೆಯದಕ್ಕೂ ಮತ್ತೊಂದು ಕೈ ಹೊಡೆದೆ. ಮುಟ್ಟಿದರೆ ಅಂಟದಷ್ಟು ಆರಿದ ಮೇಲೆ ನಾಲ್ಕನ್ನೂ ಬೇವಿನ ನೆರಳಲ್ಲಿ ತೂಗಬಿಟ್ಟೆವು. ಅವಳು ಹಸಿರು ಸೀರೆಯಲ್ಲಿ ಅವುಗಳ ನಡುವೆ ಸುಮ್ಮನೆ ಅಡ್ಡಾಡಿದಳು.

ಈಗ ಅಲಾಯ್ ಗಾಲಿಯವರು ಯಾರೇ ಬಂದರೂ ಬುದ್ಧಿ ಹೇಳುವುದು ಅವಳೇ. "ಗಾಲಿ ತಣ್ಣಗಾದ ಮ್ಯಾಲೆ ತೊಳೀರಿ. ಮೆತ್ತನ ಅರಿವಿ, ತಿಳಿ ಸೋಪಿನ ನೀರು. ತಿಂಗಳಿಗೊಮ್ಮೆ ಮೇಣಾ ಹಚ್ಚರಿ. ಸಣ್ಣ ತೂತ ಕಂಡ್ರ ಅವತ್ತ ಬರ್ರಿ. ಪೂಜಿ ಕುಂಕುಮಾ ಟೈರಿಗೆ ಹಚ್ಚರಿ, ಗಾಲಿಗೆ ಬ್ಯಾಡ. ಹುಣಸಿಹಣ್ಣಂತೂ ಸಾರಿಗೆ ಇಡ್ರಿ."

ಸಾವ್ಕಾರರು ಪ್ರತಿ ವರ್ಷ ಬನ್ನಿ ಕೊಡಲು ಬರುತ್ತಿದ್ದರು. ಬಂದಾಗಲೆಲ್ಲ "ಏನಂತಾನ ಹುಣಸಿಹಣ್ಣಿನ ಮೇಸ್ತ್ರಿ?" ಎಂದು ನಾಲ್ಕು ಜನರ ಮುಂದೆ ನನ್ನನ್ನು ಕಾಡುವುದು. ನಾನು ಹಲ್ಲು ಕಿರಿಯುತ್ತಿದ್ದೆ. ಒಂದು ವರ್ಷ ಅವಳಿಗೆ ತಡೆಯಲಾಗಲಿಲ್ಲ.

"ಅವರಲ್ರಿ ಸಾವ್ಕಾರ್ರ. ಅವತ್ತ ತಿಕ್ಕಿದಾಕಿ ನಾನು."

"ಗೊತ್ತೈತಿ ತಂಗೆವ್ವಾ," ಅಂದರು ಸಾವ್ಕಾರರು, ಚಹಾದ ಕಪ್ಪು ಕೆಳಗಿಡುತ್ತ. "ಬಾಗಿಲದಾಗ ನಿಂತಿದ್ದಿ, ನಿನ್ನ ಉಗುರ ನೋಡಿದ್ದೆ. ಅಂವ ನಿನ್ನ ಹೆಸರ ಹೇಳಿದ್ರ ಗಾಡಿ ಅವತ್ತ ಹುಬ್ಬಳ್ಳಿ ಮೇಸ್ತ್ರಿ ಕಡೆ ಹೊಂಟಿತ್ತು."

ಅವರು ಹೋದ ಮೇಲೆ ಅವಳು ತಟ್ಟೆಯಲ್ಲಿ ಉಳಿದಿದ್ದ ಎಲೆ ತಂದು ಆ ದಿನ ಎರಡನೇ ಸಲ ನನ್ನ ಕೈಗೆ ಬನ್ನಿ ಕೊಟ್ಟಳು.