ಮಾರಲು ಒಯ್ದ ಕಾರು

ಹೋದ ತಿಂಗಳು ನನ್ನ ಪುಟ್ಟ ಡೀಸೆಲ್ ಕಾರನ್ನು ಮಾರಲು ಮಕ್ತಲ್‌ನಿಂದ ಗದ್ವಾಲಕ್ಕೆ ಹೋಗಿದ್ದೆ. ನಾರಾಯಣಪೇಟೆಯ ಕಾಲೇಜಿನ ಕೆಲಸಕ್ಕೆ ನಾಲ್ಕು ವರ್ಷ ಅದರಲ್ಲೇ ಓಡಾಡಿದ್ದೆ. ಸೀಟು ಬಹಳ ತಗ್ಗು. ಮೊಣಕಾಲು ನೋವಿನ ಅವ್ವ ಪ್ರತಿ ಸಲ ಬಾಗಿಲು ಹಿಡಿದು ನರಳುತ್ತಾ ಇಳಿಯುತ್ತಿದ್ದಳು. ಮಾರುವುದಕ್ಕೆ ನಾನು ಎಲ್ಲರಿಗೂ ಹೇಳುತ್ತಿದ್ದ ಕಾರಣ ಅದೇ.

ಕೊಳ್ಳಲು ಬಂದವರು ಒಬ್ಬ ಶಾಲಾ ಶಿಕ್ಷಕಿ. ಅವರಿಂದ ಏನನ್ನೂ ಮುಚ್ಚಿಡಲಿಲ್ಲ. ಕ್ಲಚ್ ಗಟ್ಟಿ, ಸ್ಪೀಡ್ ಬ್ರೇಕರಿಗೆ ತಳ ತಾಗುತ್ತದೆ, ಹಿಂದೆ ಮೂವರು ಕೂರಲಾಗದು ಎಂದೆ. ಆಮೇಲೆ ಅವರೇ ಓಡಿಸಿದರು. ನನ್ನ ಜೊತೆ ಬಂದಿದ್ದ ಅವ್ವ ಇಳಿಯುವ ಕಷ್ಟ ಬೇಡವೆಂದು ಹಿಂದೆಯೇ ಕುಳಿತಿದ್ದಳು. ಊರ ಹೊರಗಿನ ನೇರ ರಸ್ತೆಯಲ್ಲಿ ಮೂರನೇ ಗೇರಿಗೆ ಕಾರು ಮುನ್ನುಗ್ಗಿದಾಗ ಶಿಕ್ಷಕಿ ನಕ್ಕರು. ಪಕ್ಕದಲ್ಲಿದ್ದ ನನಗೆ ಹೊಟ್ಟೆಕಿಚ್ಚಾಯಿತು.

ನಿಲ್ಲಿಸಿ ಕೇಳಿದರು: “ಇವತ್ತು ಹೊಸದಾಗಿ ಕಾರ್ ತಗೊಳ್ಳೋದಿದ್ರ, ಮತ್ತ ಇದನ್ನ ತಗೋತಿದ್ರೇನ್ರಿ?”

“ಹೂಂ,” ಎಂದೆ, ಯೋಚಿಸದೆ.

“ಮತ್ತ ಮಾರಾಕ ಯಾಕ ಬಂದೀರಿ?”

ಅವ್ವನ ಮೊಣಕಾಲಿನ ಮಾತು ತೆಗೆದೆ.

“ನನ್ನ ಮ್ಯಾಲ ಹಾಕಬ್ಯಾಡವಾ,” ಎಂದಳು ಅವ್ವ ಹಿಂದಿನಿಂದ. “ನಾ ಬಸ್ಸಿನ್ಯಾಗೂ ನರಳತೀನಿ.”

ಶಿಕ್ಷಕಿ ಕೀಲಿಯನ್ನು ನನ್ನ ಕೈಗಿಟ್ಟರು. “ಮೊದಲು ನೀವು ಖಾತ್ರಿ ಮಾಡ್ಕೊಂಡು ಫೋನ್ ಮಾಡ್ರಿ ಮೇಡಂ.”

ಮನೆ ಮುಂದೆ ಅವ್ವ ಮತ್ತೆ ನರಳಿದಳು. ಕೈ ಕೊಟ್ಟು ಇಳಿಸಿದೆ. ಇಂದಿನವರೆಗೂ ಶಿಕ್ಷಕಿಗೆ ಫೋನ್ ಮಾಡಿಲ್ಲ. ಹೂಂ ಎಂದದ್ದು ಸುಳ್ಳಲ್ಲ, ಮಾರಲು ಹೋದದ್ದೂ ಸುಳ್ಳಲ್ಲ. ಅವರಿಗೆ ಯಾವುದನ್ನು ಹೇಳಬೇಕೋ ನನಗೆ ಗೊತ್ತಾಗುತ್ತಿಲ್ಲ.