ಡಬ್ಬಿ ಬದಲಾದ ಸಿಲಿಂಡರ್

ಹಳೇ ಕಾರುಗಳಿಗೆ ಡಿಸ್ಕ್ ಬ್ರೇಕ್ ಕೂರಿಸುವುದರಲ್ಲಿ ನನ್ನ ಮೈದುನನದು ಪಳಗಿದ ಕೈ. ಡಿಸ್ಕಿಗೆ ಬ್ರೇಕ್ ಎಣ್ಣೆ ಹೆಚ್ಚು ಬೇಕು. ಅದನ್ನು ತಳ್ಳುವ ಮಾಸ್ಟರ್ ಸಿಲಿಂಡರೂ ದೊಡ್ಡದೇ ಆಗಬೇಕು. ಅವನ ಗ್ಯಾರೇಜಿನಲ್ಲಿ ಸಾಮಾನು ಎತ್ತಿಕೊಡುವ ನನಗೆ ಅಕ್ಷರ ಅಷ್ಟಕ್ಕಷ್ಟೇ, ಅಂಕಿ ಗೊತ್ತು. ಅವನು ಕೇಳಿದ ಇಪ್ಪತ್ತೆರಡು ಮಿಲಿಮೀಟರಿನ ಸಿಲಿಂಡರ್ ಡಬ್ಬಿಯನ್ನೇ ಕೊಟ್ಟೆ. ಹತ್ತೊಂಬತ್ತರ ಡಬ್ಬಿ ಹರಿದಿತ್ತೆಂದು ಅದರ ಸಿಲಿಂಡರನ್ನು ಇದರೊಳಗೆ ಇಟ್ಟವಳೂ ನಾನೇ, ಮರೆತಿದ್ದೆ. ಹೊರಗಿನಿಂದ ಎರಡೂ ಒಂದೇ ಥರ; ಅವನು ಅದನ್ನೇ ಕೂರಿಸಿ ಕಾರು ಓಡಿಸಿ ನೋಡಿದಾಗ ಬ್ರೇಕ್ ಪೆಡಲ್ ನೆಲಕ್ಕಿಳಿದು ಕಾರು ಗೇಟಿಗೆ ಗುದ್ದಿತು.

"ನನ್ನ ಲೆಕ್ಕವೇ ತಪ್ತು ಅತ್ತಿಗೆ, ವಯಸ್ಸಾಯ್ತು. ಗ್ಯಾರೇಜ್ ಮುಚ್ಚಿಬಿಡ್ತೀನಿ," ಎಂದ.

ಡಬ್ಬಿ ಬದಲಿಸಿದ್ದು ನನಗೆ ಆಗಲೇ ನೆನಪಾಯಿತು, ಆದರೂ ಎರಡು ದಿನ ಮುಚ್ಚಿಟ್ಟೆ. ಮೂರನೆಯ ದಿನ ಅವನು ಸ್ಪ್ಯಾನರುಗಳನ್ನು ಗಂಟು ಕಟ್ಟುವುದನ್ನು ನೋಡಲಾರದೆ ಹೇಳಿಬಿಟ್ಟೆ.

"ಅಯ್ಯೋ ಅತ್ತಿಗೆ! ನನ್ನನ್ನ ನಾನೇ ಬೈಕೊಂಡಿದ್ದನ್ನೆಲ್ಲ ಈಗ ವಾಪಸ್ ತಗೊಳ್ಳೋದು ಹೇಗೆ?"

ನಗುತ್ತಲೇ ಗಂಟು ಬಿಚ್ಚಿದ. ನನಗೆ ನಗು ಬರಲಿಲ್ಲ.